ರೆಂಡರ್ ಹಾಕಿದ್ದೀನಿ

ಇಂದುಧರನ ಕಂಪ್ಯೂಟರು ದಿನಕ್ಕೊಂದು ಸಲ ಸಾಯುತ್ತಿತ್ತು. ಅದು ಸತ್ತಾಗಲೆಲ್ಲ ಇಂದುಧರ ಬದುಕುತ್ತಿದ್ದ.

ವಿಜಯವಾಡದ ಏಲೂರು ರಸ್ತೆಯಲ್ಲಿ, ಮೂರನೇ ಮಹಡಿಯ ಮೇಲೆ ತಿರುಮಲೇಶ್ ಎಂಬುವರ ಪುಟ್ಟ ಡಿಸೈನ್ ಆಫೀಸು. ಇನ್ನೂ ಪಾಯ ತೋಡದ ಅಪಾರ್ಟ್‌ಮೆಂಟುಗಳನ್ನು ಕಟ್ಟಿ ಮುಗಿಸಿದಂತೆ ವಿಡಿಯೋದಲ್ಲಿ ತೋರಿಸುವುದು ಅಲ್ಲಿನ ಕಸುಬು. ನಕ್ಷೆ ನೋಡಿಕೊಂಡು ಗೋಡೆ ಎಬ್ಬಿಸಿ, ಬಣ್ಣ ಬಳಿದು, ಬಾಲ್ಕನಿಯಲ್ಲೊಂದು ತುಳಸಿ ನೆಟ್ಟು, ಕೊನೆಗೆ 'ರೆಂಡರ್' ಎಂಬ ಗುಂಡಿ ಒತ್ತಿದರೆ ಮುಗಿಯಿತು. ಕಂಪ್ಯೂಟರು ಬೆಳಕು ನೆರಳುಗಳ ಲೆಕ್ಕ ಹಾಕುತ್ತ ಒಂದೊಂದೇ ಚಿತ್ರ ಬಿಡಿಸಲು ಕೂರುತ್ತದೆ. ಆಗ ಅದಕ್ಕೆ ಲೋಕದ ಪರಿವೆ ಇರುವುದಿಲ್ಲ. ಮೌಸ್ ಎಷ್ಟು ಎಳೆದರೂ ತೆರೆಯ ಮೇಲಿನ ಬಾಣ ಕದಲುವುದಿಲ್ಲ. ಇಂಥ ಹೊತ್ತಿನಲ್ಲಿ ಕಂಪ್ಯೂಟರಿನ ಯಜಮಾನನಾದರೂ ಏನು ಮಾಡಿಯಾನು, ಹೇಳಿ?

ಇಂದುಧರ ಮಾಡುತ್ತಿದ್ದುದು ಇಷ್ಟೆ. ಮಧ್ಯಾಹ್ನದ ಊಟವಾದ ಮೇಲೆ ಗುಂಡಿ ಒತ್ತಿ, "ಸಾರ್, ರೆಂಡರ್ ಹಾಕಿದ್ದೀನಿ!" ಎಂದು ಕೂಗಿ ಎದ್ದುಬಿಡುತ್ತಿದ್ದ. ಕೆಳಗಿಳಿದು ಬಿಸಿ ಬಿಸಿ ಪುನುಗುಲು ಬೋಂಡ ಒಂದು ಪೊಟ್ಟಣ ಕಟ್ಟಿಸಿಕೊಂಡು, ಕೃಷ್ಣಾ ನದಿಯ ಮೆಟ್ಟಿಲ ಮೇಲೆ ಕೂತು, ತಂಪಾದ ಗಾಳಿಗೆ ಮುಖವೊಡ್ಡಿ ಅದನ್ನು ಶೇಂಗಾ ಚಟ್ನಿಯಲ್ಲಿ ಅದ್ದಿ ತಿನ್ನುತ್ತಿದ್ದ. ಸಂಜೆ ಹೊತ್ತಿಗೆ ಬಂದು, "ಅಬ್ಬ, ಇವತ್ತು ಬಹಳ ಹೊತ್ತು ತಗೊಳ್ತು" ಎಂದು ಬೆವರೊರೆಸಿಕೊಳ್ಳುತ್ತಿದ್ದ. ಮೂರು ವರ್ಷದಿಂದ ಅವನು ಅರ್ಧ ದಿನದ ರಜೆಯನ್ನೂ ಕೇಳಿರಲಿಲ್ಲ. ಪಾಪ, ಎಂಥ ನಿಷ್ಠಾವಂತ ಎಂದು ತಿರುಮಲೇಶ್ ಬೇರೆಯವರ ಮುಂದೆ ಹೊಗಳುತ್ತಿದ್ದರು.

ಈ ಮಂತ್ರ ಮನೆಗೂ ಚೆನ್ನಾಗಿ ತಗಲುತ್ತಿತ್ತು. ಇಂದುಧರ ತಿಪಟೂರಿನವನು. ಹಿಂದೆ ವಿಶಾಖಪಟ್ಟಣದ ಋಷಿಕೊಂಡದ ಒಂದು ಆಫೀಸಿನಲ್ಲಿದ್ದಾಗ ಅಲ್ಲೇ ಕೆಲಸ ಮಾಡುತ್ತಿದ್ದ ಅದೇ ಊರಿನ ಹಿಮಬಿಂದುವನ್ನು ಮೆಚ್ಚಿ ಮದುವೆಯಾದವನು. ಹೆಂಡತಿ ಬಂಗಾರದಂಥವಳು. ತೊಂದರೆಯೆಲ್ಲ ಅತ್ತೆಮನೆಯ ಪ್ರೀತಿಯದು. ಆ ಕಡೆ ಅಳಿಯನೆಂದರೆ ಮನುಷ್ಯನಲ್ಲ, ಪ್ರದರ್ಶನದ ವಸ್ತು. ಎಲೆಯ ಮುಂದೆ ಕೂರಿಸಿ ಎಷ್ಟು ಬಗೆ ಬಡಿಸಿದೆವೆಂದು ಬೀದಿಗೆಲ್ಲ ಹೇಳಿಕೊಳ್ಳಬೇಕು, ಅವನು ಪಟ ತೆಗೆಸಿಕೊಳ್ಳಬೇಕು, ಬಂದುಹೋದ ಪ್ರತಿ ಚಿಕ್ಕಮ್ಮನ ಎದುರೂ ಮತ್ತೊಂದು ಬೊಬ್ಬಟ್ಟು ನುಂಗಬೇಕು. ಒಂದು ಸಂಕ್ರಾಂತಿಗೆ ಹೋಗಿ ಬಂದವನು ವಾರವಿಡೀ ಗಂಜಿ ಕುಡಿದ. ಅಂದಿನಿಂದ ಹಬ್ಬವಿರಲಿ, ನಾಮಕರಣವಿರಲಿ, ಭಾವಮೈದುನನ ಗೃಹಪ್ರವೇಶವಿರಲಿ, ಅವನ ಉತ್ತರ ಒಂದೇ: "ರೆಂಡರ್ ಇದೆ ಕಣೇ."

ರೆಂಡರ್ ಎಂದರೇನೆಂದು ಅತ್ತೆ ಕೋಟೇಶ್ವರಮ್ಮನವರಿಗೆ ಗೊತ್ತಿರಲಿಲ್ಲ. ಒಲೆ ಮೇಲಿಟ್ಟ ಹಾಲಿನ ಹಾಗೆ, ಕಣ್ಣು ಮುಚ್ಚಿದರೆ ಉಕ್ಕಿಹೋಗುವಂಥದ್ದೇನೋ ಇರಬೇಕು, ಅಳಿಯಂದಿರು ಪಕ್ಕದಲ್ಲೇ ಕೂತು ಕಾಯಬೇಕು ಎಂದು ಅವರು ತಿಳಿದಿದ್ದರು. ಕಳೆದ ಸಲ ಅವರು ವಿಜಯವಾಡಕ್ಕೆ ಬಂದಾಗ ಸ್ಟೇಷನ್ನಿಗೂ ಇಂದುಧರ ಹೋಗಲಿಲ್ಲ. ಪಾಪ, ಆ ಹೆಂಗಸು ಪ್ಲಾಟ್‌ಫಾರಮ್ಮಿನಲ್ಲಿ ಉಪ್ಪಿನಕಾಯಿ ಜಾಡಿಯ ಜೊತೆ ಸಾಯಂಕಾಲದವರೆಗೂ ಕೂತಿದ್ದು, ಆಟೋ ಹಿಡಿದು ಬಂದರು. ಬಂದು, "ಪರವಾಲೇದು, ರೆಂಡರ್ ಕದಾ" ಎಂದು ತಪ್ಪೆಣಿಸದೆ ನಕ್ಕರು. ಆದರೆ ಹಿಮಬಿಂದು ನಗಲಿಲ್ಲ. ಗಂಡನ ಅಂಗಿಯ ಮೇಲಿನ ಶೇಂಗಾ ಚಟ್ನಿಯ ಕಲೆಯನ್ನು ಅವಳು ನೋಡಿದ್ದಳು.

ಇವತ್ತು ಬೆಳಿಗ್ಗೆ ತಿಂಡಿಗೆ ಕೂತಾಗ ಅವಳು ದೋಸೆ ಹಾಕಲಿಲ್ಲ, ಮಾತು ಹಾಕಿದಳು.

"ಏವಂಡೀ, ನಾಲ್ಕು ಗಂಟೆ ರೈಲಿಗೆ ಅಮ್ಮ ಬರ್ತಾ ಇದಾರೆ. ಸ್ಟೇಷನ್ನಿಗೆ ನೀವೇ ಹೋಗ್ಬೇಕು."

"ಒಂದು ಕ್ಯಾಬ್ ಬುಕ್ ಮಾಡಿದ್ರೆ..."

"ಕ್ಯಾಬೂ ಬೇಡ, ಗೀಬೂ ಬೇಡ. ಅಳಿಯಂದಿರೇ ಬರಬೇಕು ಅಂತ ಅಮ್ಮ ಒತ್ತಿ ಒತ್ತಿ ಹೇಳಿದಾರೆ. ಈ ಸಲ ನೀವು ಅಲ್ಲಿ ಇಲ್ಲ ಅಂದ್ರೆ, ನಾನು ಅಮ್ಮನ ಜೊತೆ ವೈಜಾಗ್‌ಗೆ ಹೊರಟೆ. ಆಮೇಲೆ ಹಾಲು, ಅನ್ನ, ಬಟ್ಟೆ ಎಲ್ಲಾನೂ ನಿಮ್ಮ ರೆಂಡರೇ ನೋಡ್ಕೊಳ್ಳಲಿ."

ಅವಳು ಕೂಗಾಡಿದ್ದರೆ ಇಂದುಧರ ಹೆದರುತ್ತಿರಲಿಲ್ಲ. ಮೆಲ್ಲಗೆ ಹೇಳಿದಳು. ಅಲಮಾರಿಯ ಮೇಲಿನ ಸೂಟ್‌ಕೇಸು ಕೆಳಗಿಳಿದು, ಧೂಳು ಒರೆಸಿಕೊಂಡು ಕೂತಿತ್ತು. ಹಿಮಬಿಂದು ಇಲ್ಲದ ಮನೆಯನ್ನು ಅವನು ಎಂದೂ ಎಣಿಸಿದವನಲ್ಲ.

"ಅಯ್ಯೋ, ಅದ್ಯಾಕೆ ಅಷ್ಟು ದೂರ ಹೋಗ್ತೀಯ? ನಾನು ಇರ್ತೀನಿ. ರೈಲಿಗಿಂತ ಮುಂಚೆ ಇರ್ತೀನಿ," ಎಂದ. ರಜೆ ಕೇಳುವ ಅಗತ್ಯವೂ ಇರಲಿಲ್ಲವಲ್ಲ. ಮಧ್ಯಾಹ್ನ ಗುಂಡಿ ಒತ್ತಿದರಾಯಿತು, ಕೃಷ್ಣೆಯ ಮೆಟ್ಟಿಲಿನ ಬದಲು ಸ್ಟೇಷನ್ನಿನ ಮೆಟ್ಟಿಲು.

ಮನುಷ್ಯನೊಂದು ಬಗೆದರೆ ದೈವವೊಂದು ಬಗೆಯಿತು ಅನ್ನುತ್ತಾರೆ. ಇವತ್ತು ದೈವ ನಿಶ್ಚಿತಾ ಎಂಬ ಹೆಸರಿಟ್ಟುಕೊಂಡು, ಬೆನ್ನಿಗೊಂದು ಬ್ಯಾಗು ನೇತುಹಾಕಿಕೊಂಡು ಆಫೀಸಿಗೆ ಬಂದಿತ್ತು. ಇಪ್ಪತ್ತೆರಡು ವರ್ಷದ ಹುಡುಗಿ. ಅಪ್ಪ ಹಾಸನದವರು, ವಿಶಾಖಪಟ್ಟಣದಲ್ಲಿ ನೌಕಾಪಡೆಯಲ್ಲಿದ್ದಾರೆ. ಆಫೀಸಿನ ಅಲ್ಲಿಯ ಶಾಖೆಯವಳಾದ ಇವಳನ್ನು ತಿರುಮಲೇಶ್ ಇಲ್ಲಿನ ಕಂಪ್ಯೂಟರುಗಳನ್ನೆಲ್ಲ ಒಮ್ಮೆ ನೋಡಲಿ ಎಂದು ಕರೆಸಿಕೊಂಡಿದ್ದರು. ಕನ್ನಡವನ್ನು ಅವಳು ಕಲಿತದ್ದು ತಾಯಿಯ ಅಡುಗೆಮನೆಯಲ್ಲಷ್ಟೆ. ಹಾಗಾಗಿ ಅವಳ ಕನ್ನಡವೆಲ್ಲ ಅಡುಗೆಮನೆಯ ಸುತ್ತಲೇ ಸುತ್ತುತ್ತಿತ್ತು.

ಇಂದುಧರ ಊಟ ಮುಗಿಸಿ ಗುಂಡಿ ಒತ್ತಿ, "ಸಾರ್, ರೆಂಡರ್..." ಎಂದು ಬಾಯಿ ತೆಗೆಯುವಷ್ಟರಲ್ಲಿ ಅವಳು ಬೆನ್ನ ಹಿಂದೆ ನಿಂತಿದ್ದಳು.

"ಅಂಕಲ್, ನೀವು ಕನ್ನಡದವರಂತೆ! ನಿಮ್ಮ ಸಿಸ್ಟಮ್ ದಿನಾ ಹ್ಯಾಂಗ್ ಆಗುತ್ತಂತಲ್ಲ?"

ಅಂಕಲ್ ಎಂದದ್ದು ಮೊದಲನೆಯ ಪೆಟ್ಟು. ನುಂಗಿಕೊಂಡು ಹೇಳಿದ: "ಆಗುತ್ತಮ್ಮ. ರೆಂಡರ್ ಅಂದ್ರೆ ಹಂಗೇ. ಬ್ರಹ್ಮ ಬಂದ್ರೂ ಏನೂ ಮಾಡಕ್ಕಾಗಲ್ಲ."

"ಬ್ರಹ್ಮ ಯಾಕೆ ಅಂಕಲ್, ನಾನಿದೀನಲ್ಲ. ಒಂಚೂರು ಸರ್ಕೊಳ್ಳಿ."

"ಬೇಡಮ್ಮ, ನಿನಗ್ಯಾಕೆ ತೊಂದರೆ..."

ಅವಳಾಗಲೇ ಕುರ್ಚಿಯಲ್ಲಿ ಕೂತಾಗಿತ್ತು. ರೆಂಡರ್ ನಿಲ್ಲಿಸಿ, ಇಂದುಧರ ಮೂರು ವರ್ಷದಲ್ಲಿ ಒಮ್ಮೆಯೂ ತೆರೆಯದ ಯಾವುದೋ ಕಿಟಕಿಯನ್ನು ತೆರೆದಳು.

"ನೋಡಿ ಅಂಕಲ್, ನಿಮ್ಮ ಸಿಸ್ಟಮ್ಮಲ್ಲಿ ಎಂಟು ಕೋರ್ ಇದೆ. ಎಂಟು ಎಲೆ ಹಾಕಿದಾರೆ ಅಂತ ಅನ್ಕೊಳ್ಳಿ. ಈ ರೆಂಡರ್ ಅನ್ನೋ ಹೊಟ್ಟೆಬಾಕ ಎಂಟೂ ಎಲೆಗೆ ತಾನೇ ಕೂತ್ಬಿಡುತ್ತೆ. ಪಾಪ, ಮೌಸ್‌ಗೆ ಎಲೇನೇ ಇಲ್ಲ. ಅದು ಹೆಂಗೆ ಓಡುತ್ತೆ? ಈಗ ಎರಡು ಎಲೆ ಬಿಡಿಸ್ದೆ. ಆಮೇಲೆ, ಇದರ ಪ್ರಯಾರಿಟಿನ ಒಂದು ಮೆಟ್ಟಿಲು ಇಳಿಸ್ತೀನಿ. ಮನೆಯವರು ಕೊನೇ ಪಂಕ್ತೀಲಿ ಕೂರ್ತಾರಲ್ಲ, ಹಂಗೆ. ನೆಂಟರಿಗೆಲ್ಲ ಬಡಿಸಿ ಆದ್ಮೇಲೆ ಇದಕ್ಕೆ. ಈಗ ಮೌಸ್ ಆಡಿಸಿ ನೋಡಿ!"

ಮತ್ತೆ ಶುರುವಾದ ರೆಂಡರ್ ಒಂದು ಕಡೆ ತನ್ನ ಪಾಡಿಗೆ ನಡೆಯುತ್ತಿತ್ತು. ಇಂದುಧರ ಮೌಸ್ ಮುಟ್ಟಿದ. ಬಾಣ ಸರ್ರನೆ ತೆರೆಯ ಈ ಕೊನೆಯಿಂದ ಆ ಕೊನೆಗೆ ಹೋಯಿತು. ಬೇರೆ ಫೈಲು ತೆರೆದರೆ ತೆರೆಯಿತು. ಪಕ್ಕದ ಮೇಜಿನ ಲೆಕ್ಕಪತ್ರದ ರಾಮ್‌ಪ್ರಸಾದ್ ಚಪ್ಪಾಳೆ ತಟ್ಟಿದರು. ಆ ಸದ್ದಿಗೆ ತಿರುಮಲೇಶ್ ತಮ್ಮ ಕೋಣೆಯಿಂದ ಹೊರಗೆ ಬಂದರು. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದಿದ ಅವರಿಗೆ ಕನ್ನಡ ಬರುತ್ತಿತ್ತು, ಇಂದುಧರನ ಮೇಲೆ ಪ್ರೀತಿ ಬಂದಾಗ ಅದನ್ನೇ ಆಡುತ್ತಿದ್ದರು.

"ಏನ್ರೀ ಇಂದುಧರ್! ಮೂರು ವರ್ಷದಿಂದ ಮಧ್ಯಾಹ್ನ ಎಲ್ಲ ಸುಮ್ನೆ ಹಾಳಾಗ್ತಿತ್ತು, ನಿಮಗೂ ಎಷ್ಟು ಬೇಜಾರಾಗಿರಬೇಕು ಪಾಪ! ಇನ್ಮೇಲೆ ಆ ಕಷ್ಟ ಇಲ್ಲ. ಒಂದು ಕಡೆ ಅದು ನಡೀಲಿ, ಇನ್ನೊಂದು ಕಡೆ ಇಬ್ರಾಹಿಂಪಟ್ನಂ ಪ್ರಾಜೆಕ್ಟ್ ತಗೊಳ್ಳಿ. ಬಾಲ್ಕನಿಯಿಂದ ಥರ್ಮಲ್ ಸ್ಟೇಷನ್ನಿನ ಚಿಮಣಿ ಕಾಣುತ್ತೆ ಅಂತ ಬಿಲ್ಡರ್ ಅಳ್ತಿದಾನೆ. ಆ ಚಿಮಣಿ ಮುಂದೆ ದೊಡ್ಡ ದೊಡ್ಡ ಮರ ನಿಲ್ಸಿ. ನಾಳೆ ಬೆಳಿಗ್ಗೆ ಅವನು ಬಂದ್ಬಿಡ್ತಾನೆ."

"ಸಾರ್, ಅದು... ಇವತ್ತು ನಮ್ಮತ್ತೆ ಬರ್ತಾ ಇದಾರೆ. ನಾಲ್ಕು ಗಂಟೆ ರೈಲಿಗೆ."

"ಬಹಳ ಸಂತೋಷ! ಕ್ಯಾಬ್ ಕಳಿಸ್ಬಿಡಿ."

"ನಾನೇ ಹೋಗ್ಬೇಕು ಸಾರ್."

"ನಿಮ್ಮಂಥ ನಿಷ್ಠೆಯವರು ಹಂಗೆಲ್ಲ ಕೆಲಸ ಬಿಟ್ಟು ಹೋಗಲ್ಲ ಅಂತ ನಿಮ್ಮತ್ತೆಗೂ ಗೊತ್ತಿರುತ್ತೆ ಬಿಡ್ರೀ," ಎಂದು ಬೆನ್ನು ತಟ್ಟಿ ಒಳಗೆ ಹೋದರು.

ತಾನೇ ಹೆಣೆದ ಬಲೆಗೆ ತಾನೇ ಬೀಳುವುದೆಂದರೆ ಇದೇ. ಇಂದುಧರ ಒಂದು ಮರ ನಿಲ್ಲಿಸಿ ಗಡಿಯಾರ ನೋಡಿದ, ಇನ್ನೊಂದು ಮರ ನಿಲ್ಲಿಸಿ ಗಡಿಯಾರ ನೋಡಿದ. ಚಿಮಣಿ ಎತ್ತರವಾಗಿತ್ತು, ಮರ ಸಾಲುತ್ತಿರಲಿಲ್ಲ. ಪ್ರತಿ ಮರದ ಹಿಂದೆಯೂ ಹಿಮಬಿಂದುವಿನ ಸೂಟ್‌ಕೇಸು ಕಾಣುತ್ತಿತ್ತು. ಮೂರು ಗಂಟೆ ಹೊಡೆದ ಮೇಲೆ ಅವನಿಗೆ ಕುರ್ಚಿಯೇ ಕಾದ ಕಾವಲಿಯಾಯಿತು.

ನಿಶ್ಚಿತಾ ಒಳಗಿನ ಕೋಣೆಗೆ ಹೋದದ್ದೇ ತಡ, ಅವಳು ತೆರೆದ ಕಿಟಕಿಯನ್ನೇ ಇವನೂ ತೆರೆದ. ಹುಡುಗಿ ಅಷ್ಟು ಬಿಡಿಸಿ ಹೇಳಿಕೊಟ್ಟಿದ್ದಳು, ಮರೆಯುವುದುಂಟೆ? ಎಂಟೂ ಎಲೆಯನ್ನು ಮತ್ತೆ ರೆಂಡರಿಗೇ ಹಾಕಿದ. ಪ್ರಯಾರಿಟಿಯನ್ನು ಒಂದು ಮೆಟ್ಟಿಲಲ್ಲ, ಎಲ್ಲ ಮೆಟ್ಟಿಲು ಹತ್ತಿಸಿ ಅಟ್ಟದ ಮೇಲೆ ಕೂರಿಸಿದ. ಸಾಲದೆಂದು ಇನ್ನೂ ಒಂದು ರೆಂಡರನ್ನು ಪಕ್ಕಕ್ಕೆ ಹಚ್ಚಿದ. ಕಂಪ್ಯೂಟರು ಒಮ್ಮೆ ಗುರ್ರೆಂದು, ಬಾಣ ಅಲ್ಲೇ ಅಂಟಿಕೊಂಡು, ಕಲ್ಲಾಯಿತು.

"ಸಾರ್, ಹ್ಯಾಂಗ್ ಆಯ್ತು!" ಎಂದು ಇಂದುಧರ ಕೂಗಿದ. ಗಂಡುಮಗು ಹುಟ್ಟಿತು ಎನ್ನುವವರ ದನಿ ಅದು. ತಕ್ಷಣ ನಾಲಿಗೆ ಕಚ್ಚಿಕೊಂಡು, ಮುಖ ಸಪ್ಪಗೆ ಮಾಡಿಕೊಂಡು, "ಇನ್ನು ಸಾಯಂಕಾಲದ ತನಕ ಏಳಲ್ಲ. ನಾನು ಹಾಗೇ ಒಂಚೂರು ಕೆಳಗೆ..." ಎಂದು ಹೆಲ್ಮೆಟ್ಟಿಗೆ ಕೈ ಹಾಕಿದ.

ಆದರೆ ಊರಿಗೆ ಉಪಕಾರ ಮಾಡುವವರು ಹೆಲ್ಮೆಟ್ಟಿನಷ್ಟು ಹತ್ತಿರದಲ್ಲೇ ಇರುತ್ತಾರೆ. ರಾಮ್‌ಪ್ರಸಾದ್ ಎದ್ದು ಬಂದು ಕಂಪ್ಯೂಟರಿನ ಡಬ್ಬಿಗೆ ಅಂಗೈ ಇಟ್ಟು, ಜ್ವರ ನೋಡುವವರಂತೆ ಕಣ್ಣು ಮುಚ್ಚಿದರು.

"ಸಿಸ್ಟಮ್ಮಿಗೆ ಏನೂ ಆಗಿಲ್ಲ. ಇದು ಬಿಸಿ," ಎಂದರು ತೆಲುಗಿನಲ್ಲಿ. "ನಮ್ಮ ವಿಜಯವಾಡದ ಸೆಖೆಗೆ ಮನುಷ್ಯರೇ ಹ್ಯಾಂಗ್ ಆಗ್ತಾರೆ, ಇದೇನು ಮಹಾ? ಲಾರಿ ಇಂಜಿನ್ ಕಾದರೂ ಹೀಗೇ ನಿಂತುಬಿಡುತ್ತೆ. ನನ್ನ ಬಾಮೈದಂದು ಆಟೋನಗರ್‌ನಲ್ಲಿ ರೇಡಿಯೇಟರ್ ಅಂಗಡಿ. ಈಗಿಂದೀಗಲೇ ಕರೆಸ್ತೀನಿ ಇರಿ."

"ಬೇಡ ಸಾರ್, ಯಾಕೆ ಅವರಿಗೆ ಶ್ರಮ..."

"ಶ್ರಮ ಏನು ಬಂತು? ಇದೇ ಬೀದೀಲಿ ಲಾರಿ ರಿಪೇರಿಗೆ ಬಂದಿದಾನೆ. ನೀವು ಹೋಗ್ಬೇಡಿ, ಡಬ್ಬಿಯ ಮುಚ್ಚಳ ಹಿಡ್ಕೊಳ್ಳೋಕೆ ಒಬ್ಬರು ಬೇಕು."

ತಿರುಮಲೇಶರೂ ಬಂದು ನಿಂತರು. ಒಬ್ಬರು ನಿಂಬೆಹಣ್ಣು ಕಟ್ಟಿ ಎಂದರು, ಇನ್ನೊಬ್ಬರು ಎ.ಸಿ.ಯ ಕೆಳಗಿಡಿ ಎಂದರು. ಇಂದುಧರ ಎರಡು ಕೈಯಲ್ಲೂ ಮುಚ್ಚಳ ಹಿಡಿದು, ಅಪರಾಧಿಯ ಹಾಗೆ ನಿಂತಿದ್ದ. ಅಷ್ಟರಲ್ಲಿ ನಿಶ್ಚಿತಾ ಬಂದು ತೆರೆಯ ಮೇಲೆ ಹಾಗೇ ನಿಂತುಹೋಗಿದ್ದ ಆ ಕಿಟಕಿಯನ್ನು ನೋಡಿ ಹುಬ್ಬೇರಿಸಿದಳು.

"ಅಂಕಲ್, ನಾನು ಬಿಡಿಸಿದ್ದ ಎಲೆಗೆ ಯಾರೋ ಮತ್ತೆ ಕೂತಿದಾರೆ. ಒಂದಲ್ಲ, ಎರಡು ರೆಂಡರ್ ಓಡ್ತಿದೆ! ಯಾರು ಮಾಡಿದ್ದು?"

ಕಳ್ಳನ ಮನಸ್ಸು ಹುಳ್ಳುಳ್ಳಗೆ. "ಬಿಸಿಗೆ... ಬಿಸಿಗೆ ತಾನಾಗೇ ಆಗಿರಬೇಕಮ್ಮ," ಎಂದ ಇಂದುಧರ. ನಿಶ್ಚಿತಾ ಅವನನ್ನೇ ನೋಡಿದಳು. ಹಾಲು ಕುಡಿದ ಬೆಕ್ಕನ್ನು ಅಡುಗೆಮನೆಯಲ್ಲಿ ಹಿಡಿದವರು ನೋಡುವ ನೋಟ ಅದು.

ಅವನ ಪುಣ್ಯಕ್ಕೆ ಅದೇ ಗಳಿಗೆಗೆ ಆಟೋನಗರದ ಬಾಮೈದ ಬಂದ. ಅವನು ತಂದಿದ್ದು ಫ್ಯಾನಲ್ಲ, ಲಾರಿ ರೇಡಿಯೇಟರಿನ ಕೆಸರು ಒಣಗಿಸಿ ಹಾರಿಸುವ ದೊಡ್ಡ ಬ್ಲೋವರು. ಯಾರು ಏನು ಹೇಳುವುದಕ್ಕೂ ಮುಂಚೆ ಅದರ ಮೂತಿಯನ್ನು ಡಬ್ಬಿಯೊಳಗೆ ತೂರಿ ಸ್ವಿಚ್ಚು ಹಾಕಿದ.

ಮೂರು ವರ್ಷದ ಧೂಳು ಒಂದೇ ಉಸಿರಿಗೆ ಹೊರಬಂದು ಇಂದುಧರನ ಮುಖಕ್ಕೆ ಬಡಿಯಿತು. ಅಲ್ಲಿಂದ ಗಾಳಿ ಮೇಜುಗಳ ಮೇಲೆ ಹಾಯಿತು. ಇಬ್ರಾಹಿಂಪಟ್ನಂ ಅಪಾರ್ಟ್‌ಮೆಂಟಿನ ನಕ್ಷೆಗಳು ಎದ್ದು ನಿಂತವು, ಕೋಣೆಯನ್ನು ಒಂದು ಸುತ್ತು ಪ್ರದಕ್ಷಿಣೆ ಮಾಡಿ, ತೆರೆದ ಕಿಟಕಿಯಿಂದ ಸಾಲಾಗಿ ಹೊರಟವು. ಮೊದಲು ನೆಲಮಾಳಿಗೆ, ಅದರ ಹಿಂದೆ ಲಿಫ್ಟು, ಕೊನೆಗೆ ಇಡೀ ಐದನೇ ಮಹಡಿ.

"ಅಯ್ಯಯ್ಯೋ, ಸಹಿ ಆದ ನಕ್ಷೆ ಕಣ್ರೋ!" ಎಂದು ತಿರುಮಲೇಶ್ ಕಿರುಚಿದರು. "ಎಲ್ಲರೂ ಕೆಳಗೆ ಓಡಿ!"

ಎಲ್ಲರೂ ಓಡಿದರು. ಎಲ್ಲರಿಗಿಂತ ಮುಂದೆ ಇಂದುಧರ ಓಡಿದ. ಏಲೂರು ರಸ್ತೆಯ ವಾಹನಗಳ ನಡುವೆ ಉಳಿದವರೆಲ್ಲ ಬಗ್ಗಿ ಬಗ್ಗಿ ಕಾಗದ ಹೆಕ್ಕುತ್ತಿದ್ದಾಗ ಅವನು ಸ್ಕೂಟರಿಗೆ ಕಿಕ್ ಹೊಡೆದ. "ಐದನೇ ಮಹಡಿ ಆ ಕಡೆ ಹೋಯ್ತು ಸಾರ್, ಹಿಡ್ಕೊಂಡು ಬರ್ತೀನಿ!" ಎಂದು ಕೂಗಿ, ಹಿಂದಿರುಗಿ ನೋಡದೆ ಸ್ಟೇಷನ್ನಿನ ದಾರಿ ಹಿಡಿದ.

ಅವನು ಪ್ಲಾಟ್‌ಫಾರಮ್ಮಿಗೆ ಕಾಲಿಡುವುದಕ್ಕೂ ವಿಶಾಖದ ರೈಲು ಒಳಗೆ ಬರುವುದಕ್ಕೂ ಸರಿಹೋಯಿತು. ಬೋಗಿಯ ಬಾಗಿಲಲ್ಲಿ ಕೋಟೇಶ್ವರಮ್ಮ ನಿಂತಿದ್ದರು. ಧೂಳಿನಿಂದ ತಲೆ ನರೆತು, ವಿಭೂತಿ ಬಳಿದ ಸನ್ಯಾಸಿಯಂತಿದ್ದ ಅಳಿಯನನ್ನು ಅವರು ಮೊದಲು ಗುರುತಿಸಲಿಲ್ಲ. ಗುರುತಿಸಿದ ಮೇಲೆ ಕಣ್ಣು ತುಂಬಿಕೊಂಡರು.

"ಅಯ್ಯೋ ಅಲ್ಲುಡುಗಾರೂ! ರೆಂಡರ್ ಬಿಟ್ಟು ಬಂದಿರಾ? ನನಗೋಸ್ಕರ?"

"ನಿಮಗಿಂತ ರೆಂಡರ್ ಹೆಚ್ಚಾ ಅತ್ತೆ?" ಎಂದ ಇಂದುಧರ. ಹೇಳುವಾಗ ಅವನಿಗೇ ಅದು ನಿಜವೆನ್ನಿಸಿ ಎದೆ ಉಬ್ಬಿತು. ಕೂಡಲೇ ಅತ್ತೆಯನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಫೋಟೋ ಹೊಡೆದು ಹೆಂಡತಿಗೆ ಕಳಿಸಿದ. ಹಿಮಬಿಂದು ಎರಡು ಹೃದಯದ ಚಿಹ್ನೆ ವಾಪಸು ಕಳಿಸಿದಳು. ಗೆದ್ದೆ ಎಂದುಕೊಂಡ.

ಬೋಗಿಯೊಳಗೆ ಅತ್ತೆಯ ಸೀಟಿನ ಕೆಳಗೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಇತ್ತು. ಸುತ್ತ ಹಳೆಯ ಸೀರೆ ಸುತ್ತಿ ಹಗ್ಗ ಬಿಗಿದಿದ್ದರು. ಕೂಲಿಯವರು ಮುಟ್ಟಲು ಹೋದರೆ ಕೋಟೇಶ್ವರಮ್ಮ ಹೌಹಾರಿದರು. ಅಳಿಯಂದಿರೇ ಎತ್ತಬೇಕಂತೆ, ಮೆಲ್ಲಗೆ ಎತ್ತಬೇಕಂತೆ. ರುಬ್ಬುವ ಕಲ್ಲೇ ಇರಬೇಕೆಂದುಕೊಂಡು ಇಂದುಧರ ಅದನ್ನು ಹೆಗಲಿಗೇರಿಸಿದ. ಮೆಟ್ಟಿಲು ಹತ್ತಿ ಇಳಿಯುವಾಗ ಸೊಂಟ ಕಟಕಟ ಅಂದಿತು. ಅತ್ತೆ ಹಿಂದಿನಿಂದ, "ಜಾಗ್ರತ್ತ, ಜಾಗ್ರತ್ತ" ಎನ್ನುತ್ತ ಬಂದರು. ಅದು ತನಗಲ್ಲ, ಪೆಟ್ಟಿಗೆಗೆ ಎಂದು ಅವನಿಗೆ ಸ್ಕೂಟರನ್ನು ಸ್ಟೇಷನ್ನಿನಲ್ಲೇ ಬಿಟ್ಟು ಆಟೋ ಹತ್ತಿದ ಮೇಲೆ ಹೊಳೆಯಿತು.

ಮನೆಯಲ್ಲಿ ಸೂಟ್‌ಕೇಸು ಮತ್ತೆ ಅಲಮಾರಿಯ ಮೇಲೇರಿತ್ತು. ಹಿಮಬಿಂದು ಟವೆಲ್ಲು ಕೊಟ್ಟಳು, ಕಾಫಿ ಕೊಟ್ಟಳು, ಎಲ್ಲಕ್ಕಿಂತ ಹೆಚ್ಚಾಗಿ ನಗು ಕೊಟ್ಟಳು. ಇಂದುಧರ ಕಾಲು ಚಾಚಿ ಕೂತು, ಜೀವನದಲ್ಲಿ ಇನ್ನು ಇದಕ್ಕಿಂತ ಏನು ಬೇಕು ಎಂದುಕೊಂಡ.

"ಈಗ ಬಿಚ್ಚಿ ಅಲ್ಲುಡುಗಾರೂ," ಎಂದರು ಅತ್ತೆ.

ಹಗ್ಗ ಬಿಚ್ಚಿದ. ಸೀರೆ ಬಿಚ್ಚಿದ. ರಟ್ಟು ಬಿಚ್ಚಿದ. ಒಳಗೆ ಕಪ್ಪಗೆ ಮಿರಿಮಿರಿ ಮಿಂಚುವ ಕಂಪ್ಯೂಟರು. ಅವನು ಆಫೀಸಿನಲ್ಲಿ ಕನಸಿನಲ್ಲೂ ಕಾಣದಂಥದ್ದು.

ಕೋಟೇಶ್ವರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ತೆಲುಗಿನಲ್ಲಿ ಹೇಳಿದರು: "ಹೋದ ಸಂಕ್ರಾಂತಿಗೆ ನಿಮ್ಮ ಮಾವ ನಿಮಗೆ ಅಂತ ಹಾಕಿದ ಎಲೆ ಹಾಗೇ ಖಾಲಿ ಇತ್ತು. ಅವರು ಅದನ್ನು ನೋಡಿ ಊಟ ಮಾಡದೆ ಎದ್ದುಬಿಟ್ಟರು. 'ಪಾಪ, ಆ ಹುಡುಗ ಆ ಹಾಳು ಮಿಷಿನ್ ಕಾಯ್ತಾ ಕೂತಿರ್ತಾನೆ' ಅಂತ. ಅವತ್ತಿಂದ ಎಲ್ಲರನ್ನೂ ಕೇಳಿ ಕೇಳಿ, ಎಷ್ಟು ರೆಂಡರ್ ಹಾಕಿದರೂ ನಿಲ್ಲದೇ ಇರೋದನ್ನ ಮಾಡಿಸಿದಾರೆ. ಬೇರೆಯವರ ಕೈಗೆ ಕೊಡ್ಬೇಡ, ಅವನ ಕೈಗೇ ಕೊಡು ಅಂದ್ರು. ಇನ್ನು ನೀವು ಕಾಯೋದು ಬೇಡ. ಅದರ ಪಾಡಿಗೆ ಅದು, ನಿಮ್ಮ ಪಾಡಿಗೆ ನೀವು ನಮ್ಮ ಜೊತೆ!"

ಇಂದುಧರನ ಕಣ್ಣಲ್ಲಿ ನೀರು ಬಂತು. ಮಾವನನ್ನು ನೆನೆದು ಬಂದ ನಾಚಿಕೆಯೋ, ಮುಂದಿನ ಹಬ್ಬಗಳನ್ನು ನೆನೆದು ಬಂದ ದುಃಖವೋ ಅವನಿಗೂ ತಿಳಿಯಲಿಲ್ಲ. ಅತ್ತೆ ಆಗಲೇ ಬೆರಳು ಮಡಚುತ್ತಿದ್ದರು. ನಾಳೆ ಕನಕದುರ್ಗಮ್ಮನ ದರ್ಶನ, ನಾಡಿದ್ದು ಗುಂಟೂರಿನ ಚಿಕ್ಕಮ್ಮನ ಮನೆ, ಭಾನುವಾರ ನೆಂಟರ ಮನೆಯ ಸೀಮಂತ, ಆಮೇಲೆ ಎಲ್ಲರೂ ವಿಶಾಖಪಟ್ಟಣಕ್ಕೆ.

ಅಷ್ಟರಲ್ಲಿ ಇಂದುಧರನ ಫೋನು ಬಡಿದುಕೊಂಡಿತು. ಕೈ ಒದ್ದೆ ಎಂದು ಹಿಮಬಿಂದು ಸ್ಪೀಕರ್ ಒತ್ತಿದಳು.

"ಏನ್ರೀ ಇಂದುಧರ್, ಎಲ್ಲಿದೀರಿ? ಐದನೇ ಮಹಡಿ ಸಿಕ್ತಾ?" ತಿರುಮಲೇಶರ ದನಿ. "ಆ ಬ್ಲೋವರ್ ಗಾಳಿಗೆ ನಿಮ್ಮ ಸಿಸ್ಟಮ್ ಪೂರ್ತಿ ಹೋಗ್ಬಿಡ್ತು. ಫೈಲು ಸರ್ವರಲ್ಲಿ ಭದ್ರವಾಗಿದೆ, ಓಡಿಸೋಕೆ ಮಿಷಿನ್ ಇಲ್ಲ. ನಾಳೆ ಬಿಲ್ಡರ್‌ಗೆ ಏನು ತೋರಿಸಲಿ?"

ಇಂದುಧರ ಬಾಯಿ ತೆರೆದ. ಮಿಷಿನ್ನೇ ಇಲ್ಲದ ಮೇಲೆ ಕೆಲಸವೆಲ್ಲಿಯದು? ಒಂದು ವಾರವಾದರೂ ಬಿಡುವು. ದೇವರು ಒಂದು ಬಾಗಿಲು ಮುಚ್ಚಿ ಇನ್ನೊಂದು ತೆರೆದ ಎಂದುಕೊಳ್ಳುವಷ್ಟರಲ್ಲಿ ಹಿಮಬಿಂದು ಫೋನಿನತ್ತ ಬಗ್ಗಿದಳು.

"ಸಾರ್, ನೀವೇನೂ ಯೋಚನೆ ಮಾಡ್ಬೇಡಿ. ನಮ್ಮ ಮನೇಲೇ ಹೊಸ ಕಂಪ್ಯೂಟರ್ ಬಂದಿದೆ. ಎಷ್ಟು ರೆಂಡರ್ ಹಾಕಿದ್ರೂ ಹ್ಯಾಂಗ್ ಆಗಲ್ವಂತೆ. ಫೈಲ್ ಕಳಿಸಿ, ಇವರು ಈಗಲೇ ಶುರು ಮಾಡ್ತಾರೆ."

"ಮನೇಲಾ? ಅಂದ್ರೆ ಭಾನುವಾರನೂ ಮಾಡಬಹುದು! ಇಂದುಧರ್, ನೀವು ಸಾಮಾನ್ಯ ಮನುಷ್ಯ ಅಲ್ಲ ಕಣ್ರೀ!" ಎಂದು ತಿರುಮಲೇಶ್ ಗದ್ಗದಿತರಾದರು. ಹಿಂದಿನಿಂದ ನಿಶ್ಚಿತಾಳ ದನಿ ಕೇಳಿಸಿತು: "ಅಂಕಲ್, ಎರಡು ಎಲೆ ಬಿಡೋದು ಮರೀಬೇಡಿ!"

ಫೈಲು ಬಂತು. ಇಂದುಧರ ಹೊಸ ಕಂಪ್ಯೂಟರಿನ ಮುಂದೆ ಕೂತ. ಎರಡು ಎಲೆಯಲ್ಲ, ಒಂದೂ ಬಿಡಲಿಲ್ಲ. ಪ್ರಯಾರಿಟಿಯನ್ನು ಮೇಲಿನ ಮೆಟ್ಟಿಲಿಗೇ ಏರಿಸಿದ. ಒಂದು ರೆಂಡರ್ ಹಚ್ಚಿದ, ಪಕ್ಕದಲ್ಲಿ ಇನ್ನೊಂದು ಹಚ್ಚಿದ, ಮನೆದೇವರನ್ನು ನೆನೆದು ಮೂರನೆಯದನ್ನೂ ಹಚ್ಚಿದ. ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಮೌಸ್ ಮುಟ್ಟಿದ.

ಹಾಳಾದ ಬಾಣ ಸರ್ರನೆ ಓಡಿತು.

"ನಡೀತಿದೆಯಾ ಅಲ್ಲುಡುಗಾರೂ?" ಅಡುಗೆಮನೆಯಿಂದ ಅತ್ತೆ ಕೂಗಿದರು. "ಹಾಗಾದ್ರೆ ಬನ್ನಿ, ಎಲೆ ಹಾಕಿದೀನಿ."